130 ಲೀಟರ್ ನೀರು, ಆರು ಜನ, ಎರಡು ರಾತ್ರಿ: ಫೀನಿಕ್ಸ್ ಪಕ್ಕದ ಮರುಭೂಮಿಯಲ್ಲಿ ನಮ್ಮ ಆರ್‌ವಿ ವಾಸ

ಆರ್‌ವಿ ಅಂದರೆ ಒಳಗೇ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಇರುವ ಗಾಡಿ. ಎರಡನೇ ದಿನ ಬೆಳಿಗ್ಗೆ ಅದರ ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ, ಪಂಪು ಸುಮ್ನೆ ಗುರ್ ಅನ್ನುತ್ತಿತ್ತು. ಹಿಂದಿನ ದಿನ ಮಧ್ಯಾಹ್ನವಷ್ಟೇ ಟ್ಯಾಂಕ್ ಪೂರ್ತಿ ತುಂಬಿಸಿದ್ದೆ. 35 ಗ್ಯಾಲನ್, ಅಂದರೆ ಸುಮಾರು 130 ಲೀಟರ್. ಒಂದೇ ರಾತ್ರಿಗೆ ಮುಗಿದಿತ್ತು.

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್‌ಗೆ ಅಂಟಿಕೊಂಡ ಊರು. ಡಿಸೆಂಬರ್ ಕೊನೆಯ ವಾರ. ಊರಿಂದ ಅಪ್ಪ ಅಮ್ಮ ಬಂದಿದ್ದರು. ಗ್ರ್ಯಾಂಡ್ ಕ್ಯಾನ್ಯನ್‌ವರೆಗೆ ಕಾರಿನಲ್ಲಿ ಕೂರಿಸಿಕೊಂಡು ಹೋದರೆ ಅಮ್ಮನ ಮಂಡಿ ಕೇಳುವುದಿಲ್ಲ, ಅದಕ್ಕೇ ಹತ್ತಿರದಲ್ಲೇ ಎರಡು ರಾತ್ರಿ ಮರುಭೂಮಿಯಲ್ಲಿ ಮಲಗಿ ಬರೋಣ ಅಂತ ಒಂದು ಆರ್‌ವಿ ಬಾಡಿಗೆಗೆ ತಗೊಂಡೆ. ಕ್ಲಾಸ್ ಸಿ ಅನ್ನುತ್ತಾರಲ್ಲ, ಚಾಲಕನ ತಲೆಯ ಮೇಲೆ ಒಂದು ಅಟ್ಟ ಚಾಚಿಕೊಂಡಿರುತ್ತದೆ, ಅದು. ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಯುಎಸ್ 60 ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋಗಿ, ಅಪಾಚೆ ಜಂಕ್ಷನ್‌ನಲ್ಲಿ ಇಳಿದು ರಸ್ತೆ 88ಕ್ಕೆ ಸೇರಿದರೆ ಲಾಸ್ಟ್ ಡಚ್‌ಮನ್ ಸ್ಟೇಟ್ ಪಾರ್ಕ್. ಮನೆಯಿಂದ ಒಂದು ಗಂಟೆಯೊಳಗಿನ ದಾರಿ. ಎದುರಿಗೇ ಸೂಪರ್‌ಸ್ಟಿಷನ್ ಬೆಟ್ಟ, ಗೋಡೆಯ ಹಾಗೆ ಎದ್ದು ನಿಂತಿದೆ. ಜೇಕಬ್ ವಾಲ್ಟ್ಜ್ ಅನ್ನುವ ಜರ್ಮನ್ ಈ ಬೆಟ್ಟದಲ್ಲಿ ಚಿನ್ನದ ಗಣಿ ಕಂಡುಕೊಂಡಿದ್ದ, 1891ರಲ್ಲಿ ಸಾಯುವಾಗ ಜಾಗ ಪೂರ್ತಿ ಹೇಳದೆ ಹೋದ ಅಂತ ಕಥೆ. ಆಗ ಇಲ್ಲಿ ಜರ್ಮನ್ನರನ್ನೂ ಡಚ್‌ಮನ್ ಅನ್ನುತ್ತಿದ್ದರು, ಪಾರ್ಕಿನ ಹೆಸರು ಅವನದೇ. ಈಗಲೂ ಹುಡುಕುವವರಿದ್ದಾರೆ.

ಪಾರ್ಕಿನಲ್ಲಿ ಆರ್‌ವಿ ನಿಲ್ಲಿಸುವ ಜಾಗ ಬುಕ್ ಮಾಡಿದ್ದು ತಡವಾಗಿತ್ತು. ಚಳಿಗಾಲದಲ್ಲಿ ಮಿನೆಸೋಟಾ, ಕೆನಡಾ ಕಡೆಯ ನಿವೃತ್ತರು ಆರ್‌ವಿ ತಂದು ತಿಂಗಳುಗಟ್ಟಲೆ ಈ ಕಡೆಯೇ ಇರುತ್ತಾರೆ, ಕರೆಂಟು ಮತ್ತು ನೀರಿನ ಸಂಪರ್ಕ ಇರುವ ಜಾಗಗಳು ಬಹಳ ಮೊದಲೇ ತುಂಬಿಹೋಗುತ್ತವೆ. ನಮಗೆ ಸಿಕ್ಕಿದ್ದು ಎರಡೂ ಇಲ್ಲದ ಜಾಗ. ಅದರ ಅರ್ಥ ಏನು ಅಂತ ನನಗೆ ಗೊತ್ತಾಗಿದ್ದು ಅಲ್ಲಿ ಹೋದ ಮೇಲೆ.

ಆರ್‌ವಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಳ್ಳೆ ನೀರಿನದು ಒಂದು. ಸ್ನಾನ ಮತ್ತು ಪಾತ್ರೆ ತೊಳೆದ ನೀರು ಹೋಗುವ ಗ್ರೇ ಟ್ಯಾಂಕ್ ಒಂದು. ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕ್ ಇನ್ನೊಂದು. ನಾನು ಒಳ್ಳೆ ನೀರು ಎಷ್ಟಿದೆ ಅಂತ ಮಾತ್ರ ನೋಡಿಕೊಂಡಿದ್ದೆ. ಮೊದಲ ಸಂಜೆ ಮಕ್ಕಳಿಬ್ಬರೂ ಮನೆಯ ಹಾಗೇ ಶವರ್ ಬಿಟ್ಟುಕೊಂಡು ನಿಂತರು, ಆಮೇಲೆ ನನ್ನ ಹೆಂಡತಿ ಪಾತ್ರೆ ತೊಳೆದಳು, ಸ್ವಲ್ಪ ಹೊತ್ತಿಗೆ ಶವರ್‌ನ ತಳದಲ್ಲಿ ಸೋಪಿನ ನೀರು ಮೇಲಕ್ಕೆ ಬರತೊಡಗಿತು. ಗ್ರೇ ಟ್ಯಾಂಕ್ ತುಂಬಿದರೆ ನೀರು ಹಿಂದಕ್ಕೆ ಬರುವ ಮೊದಲ ಜಾಗ ಅದೇ. ಹೊರಗೆ ನೆಲಕ್ಕೆ ಚೆಲ್ಲುವ ಹಾಗಿಲ್ಲ.

ಅದೇ ರಾತ್ರಿ ಮೂರು ಗಂಟೆಗೆ ಹೀಟರ್ ನಿಂತಿತು. ಮರುಭೂಮಿ ಅಂದರೆ ಬಿಸಿ ಅಂದುಕೊಂಡಿರುತ್ತೇವೆ, ಆದರೆ ಹಗಲು 19 ಡಿಗ್ರಿ ಇದ್ದದ್ದು ರಾತ್ರಿ 4ಕ್ಕೆ ಇಳಿದಿತ್ತು. ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸಿನಲ್ಲಿ, ಸಿಲಿಂಡರ್ ತುಂಬಿತ್ತು, ಮತ್ತೆ ಯಾಕೆ ನಿಂತಿತು? ಬಿಸಿ ಗಾಳಿ ತಳ್ಳುವ ಫ್ಯಾನ್ ಓಡುವುದು ಬ್ಯಾಟರಿಯಲ್ಲಿ. ಸಂಜೆಯಿಂದ ಎಲ್ಲ ದೀಪ ಹಾಕಿ, ಹೀಟರ್ 72 ಫ್ಯಾರನ್‌ಹೀಟ್‌ಗೆ (ಸುಮಾರು 22 ಸೆಲ್ಸಿಯಸ್) ಇಟ್ಟು, ಬ್ಯಾಟರಿ ಬತ್ತಿಸಿದ್ದೆ. ಜನರೇಟರ್ ಇತ್ತು, ಆದರೆ ರಾತ್ರಿ ಹಾಕುವಂತಿಲ್ಲ. ಅಪ್ಪ ಟೋಪಿ ಸ್ವೆಟರ್ ಹಾಕಿಕೊಂಡು ಎದ್ದು ಕೂತಿದ್ದರು. ಏನೂ ಅನ್ನಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಬೆಳಿಗ್ಗೆ ನೀರೂ ಖಾಲಿ. ನೀರು ತುಂಬಿಸಬೇಕು ಅಂದರೆ ಮನೆಯನ್ನೇ ಓಡಿಸಿಕೊಂಡು ಹೋಗಬೇಕು: ಹಾಸಿಗೆ ಮಡಚಿ, ಪಾತ್ರೆ ಒಳಗಿಟ್ಟು, ಕಪಾಟುಗಳ ಚಿಲಕ ಹಾಕಿ, ಗಾಡಿ ಮಟ್ಟವಾಗಿ ನಿಲ್ಲಲು ಚಕ್ರದ ಕೆಳಗಿಟ್ಟ ಹಲಗೆ ತೆಗೆದು. ಕೊಳಕು ನೀರಿನ ಟ್ಯಾಂಕ್‌ಗಳನ್ನು ಖಾಲಿ ಮಾಡುವ ಜಾಗಕ್ಕೆ ಡಂಪ್ ಸ್ಟೇಷನ್ ಅನ್ನುತ್ತಾರೆ. ಅಲ್ಲಿ ಪಕ್ಕದ ಆರ್‌ವಿಯ ಹಿರಿಯರೊಬ್ಬರು ಕ್ರಮ ಹೇಳಿಕೊಟ್ಟರು. ಗ್ಲೌಸ್ ಹಾಕಿಕೊಂಡು ಮೊದಲು ಬ್ಲ್ಯಾಕ್ ಟ್ಯಾಂಕ್ ಬಿಡಬೇಕು, ಅದರ ವಾಲ್ವ್ ಮುಚ್ಚಿ ಆಮೇಲೆ ಗ್ರೇ. ಆಗ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕುಡಿಯುವ ನೀರಿನ ಪೈಪನ್ನು ಈ ಕೆಲಸದ ಹತ್ತಿರವೂ ತರಬಾರದು.

ವಾಪಸ್ ಬಂದ ಮೇಲೆ ಅಮ್ಮ ನೀರಿನ ಜವಾಬ್ದಾರಿ ತಾವೇ ತಗೊಂಡರು. ಅವರ ತವರು ಚಳ್ಳಕೆರೆ ಕಡೆ, ಕರ್ನಾಟಕದಲ್ಲೇ ಮಳೆ ಕಡಿಮೆ ಬೀಳುವ ಸೀಮೆ. ಎರಡು ದಿನಕ್ಕೊಮ್ಮೆ ಬರುವ ನೀರಿನಲ್ಲಿ ಎಂಟು ಜನರ ಮನೆ ನಡೆಸಿದವರು. “ನಲ್ಲಿ ಮುಟ್ಟಬ್ಯಾಡ್ರಿ ಯಾರೂ. ನಾನು ಕೊಟ್ಟಷ್ಟು ನೀರು ತಗೊಳ್ರಿ” ಅಂದರು. ಡಂಪ್ ಸ್ಟೇಷನ್‌ನಿಂದ ಬರುವಾಗಲೇ ಅಪಾಚೆ ಜಂಕ್ಷನ್ ಅಂಗಡಿಯಲ್ಲಿ ಎರಡು ಬಕೆಟ್, ಒಂದು ಮಗ್ ತಂದಿದ್ದೆವು, ಅವರು ಹೇಳಿದ್ದಕ್ಕೇ.

ಅವರು ಮಾಡಿದ್ದು ಇಷ್ಟು. ತಟ್ಟೆಯನ್ನು ಮೊದಲು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುವುದು. ತೊಳೆಯುವುದು ಸಿಂಕಿನಲ್ಲಲ್ಲ, ಬೋಗುಣಿಯಲ್ಲಿ. ಕೊನೆಯಲ್ಲಿ ಅಲುಬಿದ ನೀರನ್ನು ಬಕೆಟ್‌ಗೆ ಹಾಕಿಟ್ಟು, ಟಾಯ್ಲೆಟ್‌ಗೆ ಅದನ್ನೇ ಸುರಿಯುವುದು. ಇದರಿಂದ ಒಳ್ಳೆ ನೀರೂ ಉಳಿಯಿತು, ಗ್ರೇ ಟ್ಯಾಂಕೂ ಬೇಗ ತುಂಬಲಿಲ್ಲ. ನನಗೆ ಇದು ಹೊಳೆದೇ ಇರಲಿಲ್ಲ! ಶವರ್‌ನಲ್ಲಿ ಬಿಸಿ ನೀರು ಬರುವವರೆಗೆ ಸುಮ್ನೆ ಹರಿದುಹೋಗುವ ತಣ್ಣೀರು ಇರುತ್ತದಲ್ವಾ, ಅದನ್ನೂ ಹಿಡಿದಿಟ್ಟರು. ಸ್ನಾನ ಮಕ್ಕಳಿಗೆ ಅರ್ಧ ಬಕೆಟ್, ದೊಡ್ಡವರಿಗೆ ಬಿಸಿ ನೀರಿನಲ್ಲಿ ಅದ್ದಿದ ಟವೆಲ್. ಸಂಜೆ ರಾಗಿ ಮುದ್ದೆ, ಸೊಪ್ಪಿನ ಸಾರು. ಮುದ್ದೆ ಪಾತ್ರೆಗೆ ಒಂದು ಲೋಟ ನೀರು ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟರು. ಒಗ್ಗರಣೆಗೆ ಮಾತ್ರ ಸ್ಮೋಕ್ ಅಲಾರಂ ಕೂಗಿಕೊಂಡಿತು, ಆರ್‌ವಿ ಒಳಗೆ ಒಗ್ಗರಣೆ ಹಾಕುವಾಗ ಮೇಲಿನ ಫ್ಯಾನ್ ಓಡಿಸಿ, ಕಿಟಕಿ ತೆಗೆದಿರಿ. ಮಾರನೇ ಬೆಳಿಗ್ಗೆ ಟ್ಯಾಂಕ್ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು.

ಕುಡಿಯುವ ನೀರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದನ್ನು ಬೇರೆ ಕ್ಯಾನ್‌ಗಳಲ್ಲಿ ಒಯ್ಯಿರಿ, ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಸುಮಾರು ನಾಲ್ಕು ಲೀಟರ್. ಚಳಿ ಇದ್ದರೂ ಒಣ ಗಾಳಿಗೆ ಬಾಯಾರಿಕೆ ಗೊತ್ತಾಗದೆ ಮೈ ಒಣಗುತ್ತದೆ.

ಬ್ಯಾಟರಿಗೂ ಹೀಗೇ ಮಾಡಿದೆ. ಸಂಜೆ ಎರಡು ಗಂಟೆ ಹೊತ್ತು ಜನರೇಟರ್ ಓಡಿಸಿ ಚಾರ್ಜ್ ಮಾಡಿಕೊಂಡು, ಹೀಟರ್ 60 ಫ್ಯಾರನ್‌ಹೀಟ್‌ಗೆ (ಸುಮಾರು 16 ಸೆಲ್ಸಿಯಸ್) ಇಟ್ಟು, ದಪ್ಪ ರಜಾಯಿ ಹೊದ್ದೆವು. ಬೆಳಗಿನವರೆಗೂ ನಿಲ್ಲಲಿಲ್ಲ. ಒಂದು ವಿಷಯ: ಜನರೇಟರ್ ಕುಡಿಯುವುದು ಗಾಡಿಯ ಪೆಟ್ರೋಲನ್ನೇ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ಅದು ತಾನಾಗಿ ನಿಂತುಬಿಡುತ್ತದೆ. ಹಾಗಾಗಿ ಪಾರ್ಕ್ ಸೇರುವ ಮೊದಲೇ ತುಂಬಿಸಿಕೊಳ್ಳಿ.

ಎರಡನೇ ದಿನ ಮಧ್ಯಾಹ್ನ ಅಪ್ಪನ ಜೊತೆ ಟ್ರೆಷರ್ ಲೂಪ್ ದಾರಿಯಲ್ಲಿ ಸ್ವಲ್ಪ ದೂರ ನಡೆದೆ. ಪಾಪಾಸುಕಳ್ಳಿ ನೋಡಿ ನಿಂತರು. “ಇದು ನಮ್ಮ ಹೊಲದ ಬೇಲೀಲಿ ಇರೋದೇ ಅಲ್ವೇನೋ?” ಹೌದು, ಅದರ ಮೂಲ ಈ ಅಮೆರಿಕ ಖಂಡವೇ, ಅಲ್ಲಿಂದ ನಮ್ಮ ಕಡೆಗೆ ಬಂದದ್ದು ಅಂದೆ. ತುಂಬಾ ಹೊತ್ತು ಅದನ್ನೇ ನೋಡಿದರು. ಸವಾರೋ ಅನ್ನುವ ಎತ್ತರದ ಕಂಬಗಳ್ಳಿಗೆ ಮೊದಲ ಕೊಂಬೆ ಒಡೆಯಲು ಎಷ್ಟೋ ಕಡೆ 50ರಿಂದ 70 ವರ್ಷ ಬೇಕು ಅಂದಾಗ, ಹಾಗಾದರೆ ಇದು ನನಗಿಂತ ಹಿರಿಯ ಅಂದರು. ಚೋಯಾ ಕಳ್ಳಿಯ ಹತ್ತಿರ ಮಕ್ಕಳನ್ನು ಬಿಡಬೇಡಿ, ತಾಗಿದರೆ ತುಂಡೇ ಕಿತ್ತು ಅಂಟಿಕೊಳ್ಳುತ್ತದೆ. ಕೈಯಲ್ಲಿ ಎಳೆಯಲು ಹೋಗದೆ ಬಾಚಣಿಗೆ ತೂರಿಸಿ ಹಾರಿಸಬೇಕು. ಜೇಬಿನಲ್ಲಿ ಒಂದು ಬಾಚಣಿಗೆ ಇರಲಿ.

ಹೋಗುವುದಾದರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು, ಅಂಥ ಬೇಸಿಗೆಯಲ್ಲಿ ಕರೆಂಟಿಲ್ಲದ ಜಾಗದಲ್ಲಿ ವಯಸ್ಸಾದವರನ್ನು ಇರಿಸುವುದು ಅಪಾಯ. ಜುಲೈನಿಂದ ಸೆಪ್ಟೆಂಬರ್ ಮಳೆಯಲ್ಲಿ ಒಣ ಹಳ್ಳಗಳು ಇದ್ದಕ್ಕಿದ್ದ ಹಾಗೆ ಹರಿಯುತ್ತವೆ, ಹಳ್ಳದ ಮರಳು ಮೆತ್ತಗಿದೆ ಅಂತ ಅಲ್ಲಿ ಟೆಂಟ್ ಹಾಕಬೇಡಿ.

ಕೊನೆಯ ರಾತ್ರಿ ಎಲ್ಲರೂ ಹೊರಗೆ ಕುರ್ಚಿ ಹಾಕಿ ಕೂತೆವು. ಪಡುವಣ ಕಡೆ ಫೀನಿಕ್ಸ್‌ನ ಬೆಳಕು ಆಕಾಶಕ್ಕೆ ಹಳದಿ ಬಳಿದಿತ್ತು, ಮೂಡಣ ಕಡೆ ಬೆಟ್ಟದ ಮೇಲೆ ನಕ್ಷತ್ರ. ದೂರದಲ್ಲಿ ಕಯೋಟಿಗಳು ಊಳಿಟ್ಟವು. ಅಮ್ಮ ಶಾಲು ಎಳೆದುಕೊಂಡು, “ನರಿ ಇದ್ದಂಗೆ ಅವೆ” ಅಂದು, ಎದ್ದು ಒಳಗೆ ಹೋಗಿ ಬಕೆಟ್‌ಗೆ ಮುಚ್ಚಳ ಹಾಕಿ ಬಂದು ಕೂತರು.