ದರ್ಗಾಕ್ಕೆ ಹೋದಾಗ ಷರಿಯತ್ ಎಲ್ಲಿ, ಸೂಫಿ ದಾರಿ ಎಲ್ಲಿ ಅಂತ ನೋಡುವುದು ಹೇಗೆ

ಹುಲಗೂರಿನ ಉರುಸಿಗೋ ಲಕ್ಷ್ಮೇಶ್ವರದ ದೂದಪೀರಾಂ ದರ್ಗಾಕ್ಕೋ ಹೋಗಿ ಬಂದವರು ಒಂದು ಮಾತು ಹೇಳಿಯೇ ಹೇಳುತ್ತಾರೆ: ಷರಿಯತ್ ಅಂದರೆ ಇಸ್ಲಾಮಿನ ಕಾನೂನು ಬೇರೆ, ಒಳಗಿನ ದಾರಿ ಹಿಡಿದ ಸೂಫಿಗಳು ಬೇರೆ, ಅದು ಬಿಗಿ, ಇದು ಸಡಿಲ. ಕೇಳೋಕೆ ಚೆನ್ನಾಗಿದೆ, ಆದರೆ ನಿಜ ಅಲ್ಲ.

ಮೊದಲು ಸಿಲ್ಸಿಲಾ, ಅಂದರೆ ಸೂಫಿಗಳ ಗುರುಪರಂಪರೆ, ಯಾವುದು ಅಂತ ಕೇಳಿ. ದರ್ಗಾ ನೋಡಿಕೊಳ್ಳುವ ಮುಜಾವರರ ಹತ್ತಿರ ಹೋಗಿ "ಚಾಚಾ, ಇವರದು ಯಾವ ಸಿಲ್ಸಿಲಾ ರೀ?" ಅಂದರೆ ಸಾಕು, ಖುಷಿಯಿಂದ ಹೇಳುತ್ತಾರೆ. ಹುಲಗೂರಿನಲ್ಲಿ ಖಾದ್ರಿ ಅನ್ನುವ ಹೆಸರು ಕಿವಿಗೆ ಬೀಳುತ್ತದೆ. ಖಾದ್ರಿ ದಾರಿಯ ಮೂಲಪುರುಷ ಬಾಗ್ದಾದಿನ ಅಬ್ದುಲ್ ಖಾದಿರ್ ಜೀಲಾನಿ, ತೀರಿಕೊಂಡದ್ದು 1166ರಲ್ಲಿ. ಅವರು ಮದರಸಾದಲ್ಲಿ ಹಂಬಲಿ ಪಂಥದ ಕಾನೂನು ಪಾಠ ಹೇಳುತ್ತಿದ್ದವರು. ಸಡಿಲ ಎಲ್ಲಿಂದ ಬಂತು ಹಾಗಾದರೆ?

ಆಮೇಲೆ ನೀರಿನ ಹೌದಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ನಮಾಜಿಗೆ ಮುಂಚೆ ವುಜೂ ಮಾಡುವವರನ್ನು, ಅಂದರೆ ಕೈಕಾಲು ಮುಖ ತೊಳೆಯುವವರನ್ನು ನೋಡಿ: ಮುಖ, ಮೊಣಕೈ ತನಕ ಕೈ, ತಲೆಗೆ ಒದ್ದೆ ಕೈ ಸವರುವುದು, ಕೊನೆಗೆ ಹರಡಿನ ತನಕ ಪಾದ. ಇಷ್ಟು ಷರಿಯತ್. ಕಾನೂನು ಪಂಡಿತರೂ ಸೂಫಿಯೂ ಆಗಿದ್ದ, 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ಇದನ್ನೇ ಹಿಡಿದು ಶುದ್ಧಿಗೆ ನಾಲ್ಕು ಹಂತ ಹೇಳಿದರು. ಮೊದಲು ಮೈ, ಆಮೇಲೆ ಪಾಪ ಮಾಡುವ ಕೈಕಾಲು, ಆಮೇಲೆ ಹೊಟ್ಟೆಕಿಚ್ಚು ಜಂಬ ತುಂಬಿದ ಮನಸ್ಸು, ಕೊನೆಗೆ ದೇವರನ್ನು ಬಿಟ್ಟು ಬೇರೆ ಯಾವುದೂ ಒಳಗೆ ಉಳಿಯದ ಹಾಗೆ. ಮೊದಲನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿ ಅಂತ ಅವರು ಎಲ್ಲೂ ಹೇಳಲಿಲ್ಲ. "ನಮಗೆ ನಮಾಜ್ ಬೇಕಿಲ್ಲ, ನಾವು ಒಳಗಿನವರು" ಅನ್ನುವ ಬಾಬಾಗಳು ಸಿಕ್ಕರೆ ಸುಮ್ನೆ ಸಲಾಂ ಹೇಳಿ ಮುಂದೆ ಹೋಗಿ.

ಈಗ ಗೋರಿ ಮುಂದೆ. ಇಲ್ಲೇ ಜಾಸ್ತಿ ಗೊಂದಲ. ಗೋರಿಗಳ ದರ್ಶನ ಮಾಡಿ ಅಂತ ಪ್ರವಾದಿಯವರೇ ಹೇಳಿದ್ದು ಹದೀಸಿನಲ್ಲಿದೆ, ಹಾಗಾಗಿ ಜಿಯಾರತ್ (ಗೋರಿಯ ದರ್ಶನ), ಫಾತಿಹಾ (ಕುರಾನಿನ ಮೊದಲ ಅಧ್ಯಾಯ ಓದುವುದು), ದುವಾ (ಬೇಡಿಕೊಳ್ಳುವುದು) ಇವಕ್ಕೆ ದೊಡ್ಡ ತಕರಾರಿಲ್ಲ. ಗೋರಿಗೆ ಸಜ್ದಾ ಮಾಡುವುದು, ಅಂದರೆ ಹಣೆ ನೆಲಕ್ಕೆ ಹಚ್ಚುವುದು, ಮಾತ್ರ ತಪ್ಪು. ಇದನ್ನು ದರ್ಗಾ ಬೇಡ ಅನ್ನುವವರು ಮಾತ್ರ ಹೇಳಿದ್ದಲ್ಲ, ದರ್ಗಾದವರು ತುಂಬಾ ಗೌರವಿಸುವ ಬರೇಲಿಯ ಪಂಡಿತ ಅಹ್ಮದ್ ರಜಾ ಖಾನ್ ಕೂಡ ಹರಾಮ್ (ನಿಷಿದ್ಧ) ಅಂತಲೇ ಬರೆದರು. ಗೋರಿಗೆ ಗಲೀಫ್ (ಬಟ್ಟೆ) ಹೊದಿಸುವುದು, ಸಕ್ಕರೆ ಓದಿಸುವುದು, ಹರಕೆಯ ಊಟದ ಕಂದೂರಿ, ಇವುಗಳ ಬಗ್ಗೆ ಮಾತ್ರ ಉಲೇಮಾಗಳಲ್ಲಿ (ಧರ್ಮಪಂಡಿತರಲ್ಲಿ) ಒಮ್ಮತವಿಲ್ಲ. ಆದರೆ ಇದನ್ನು ಕಾನೂನಿನವರಿಗೂ ಸೂಫಿಗಳಿಗೂ ನಡೆಯುವ ಜಗಳ ಅಂದುಕೊಳ್ಳಬೇಡಿ, ಯಾಕೆಂದರೆ ಇವನ್ನು ಒಪ್ಪದ, 1866ರಲ್ಲಿ ಶುರುವಾದ ದೇವಬಂದ್ ಮದರಸಾದ ಹಿರಿಯರೂ ಚಿಶ್ತಿ ಅನ್ನುವ ಸೂಫಿ ಸಿಲ್ಸಿಲಾದ ಗುರುವಿನ ಮುರೀದರೇ (ಶಿಷ್ಯರೇ). ಜಗಳ ಇರುವುದು ಎರಡೂ ಕಡೆ ಕಾಲಿಟ್ಟವರ ನಡುವೆಯೇ.

ಕವ್ವಾಲಿ ಕೇಳಿದರೂ ಹೀಗೇ: ಚಿಶ್ತಿಗಳು ಒಪ್ಪುತ್ತಾರೆ, ಇನ್ನೊಂದು ಸೂಫಿ ಸಿಲ್ಸಿಲಾದ ನಕ್ಷಬಂದಿಗಳು ಹೆಚ್ಚಾಗಿ ದೂರ ಇಡುತ್ತಾರೆ.

ಯಾರಾದರೂ ಸೂಫಿ ಹಲ್ಲಾಜರ ಕಥೆ ತೆಗೆಯುತ್ತಾರೆ, 922ರಲ್ಲಿ ಬಾಗ್ದಾದಿನಲ್ಲಿ ಕೊಂದರಲ್ಲ, ನೋಡಿ, ಷರಿಯತ್ತಿಗೂ ಸೂಫಿಗಳಿಗೂ ಆಗುವುದಿಲ್ಲ ಅಂತ. ಹೌದು, ಕೊಂದರು, ಅದರಲ್ಲಿ ದರ್ಬಾರಿನ ರಾಜಕೀಯವೂ ಇತ್ತು. ಅದೇ ಊರಿನ ಜುನೈದ್, ನಮ್ಮ ದಾರಿ ಕುರಾನು ಮತ್ತು ಸುನ್ನತ್ತಿಗೆ ಕಟ್ಟುಬಿದ್ದದ್ದು ಅಂದವರು, ಸೂಫಿಗಳ ಸರದಾರ ಅನ್ನಿಸಿಕೊಂಡರು. ಒಬ್ಬರ ಕಥೆ ಹೇಳಿ ಇನ್ನೊಬ್ಬರನ್ನು ಬಿಟ್ಟರೆ ಹೇಗೆ?

ಶಿಶುನಾಳಕ್ಕೆ ಹೋಗುವುದಾದರೆ ಈ ಅಳತೆಪಟ್ಟಿ ಮನೆಯಲ್ಲೇ ಬಿಡಿ. ಷರೀಫಜ್ಜನ (1819–1889) ಅಪ್ಪ ಹುಲಗೂರಿನ ಖಾದ್ರಿಗಳಿಗೆ ನಡೆದುಕೊಂಡವರು ಅಂತ ಹೇಳುತ್ತಾರೆ, ಅಜ್ಜ ಗುರು ಅಂದದ್ದು ಕಳಸದ ಗೋವಿಂದ ಭಟ್ಟರಿಗೆ. ಅವರನ್ನು ಒಂದು ಸಿಲ್ಸಿಲಾದಲ್ಲಿ ಕೂರಿಸಲು ಹೋದರೆ ಅರ್ಧ ಷರೀಫರು ಹೊರಗೇ ಉಳಿಯುತ್ತಾರೆ.

ಕೇಳುವುದು ಬಹಳ ಇದ್ದರೆ ಗುರುವಾರ ಸಂಜೆಯೂ ಬೇಡ, ಉರುಸಿನ ದಿನವೂ ಬೇಡ. ಮುಜಾವರರಿಗೆ ಪುರುಸೊತ್ತೇ ಇರುವುದಿಲ್ಲ. ಬೇರೆ ದಿನ ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಹೋಗಿ, ತಲೆಗೆ ಒಂದು ಕರವಸ್ತ್ರ ಇರಲಿ. "ಇದು ಸರಿಯಾ, ತಪ್ಪಾ?" ಅಂತ ಶುರು ಮಾಡಬೇಡಿ, "ಇದನ್ನ ಯಾಕೆ ಮಾಡ್ತೀರಿ ಚಾಚಾ?" ಅಂತ ಕೇಳಿ.