ಹಳೆಯ ಸ್ಟೀಮ್ ಇಂಜಿನ್‌ನ ಅಸಲಿ ಬಣ್ಣ ಪತ್ತೆ ಹಚ್ಚುವುದು ಹೇಗೆ

ಸ್ಟೇಷನ್ ಎದುರಿಗೋ ಪಾರ್ಕಿನಲ್ಲೋ ನಿಲ್ಲಿಸಿದ ಮೀಟರ್ ಗೇಜ್ ಇಂಜಿನ್ ಮೇಲೆ ಇವತ್ತು ಕಾಣುವ ಬಣ್ಣವನ್ನು ನಂಬಬೇಡಿ. ಕೆಂಪು ಚಕ್ರ, ಬಾಯ್ಲರ್ ಸುತ್ತ ಹಳದಿ ಪಟ್ಟಿ, ಹೊಗೆಪೆಟ್ಟಿಗೆಗೆ ಬೆಳ್ಳಿ ಬಣ್ಣ: ಇವೆಲ್ಲ ಹೆಚ್ಚಾಗಿ ಪ್ರದರ್ಶನಕ್ಕೆ ಇಟ್ಟ ಮೇಲಿನ ಶೃಂಗಾರ. ಮಲೆನಾಡಿನ ಮಳೆಗೆ ಎನಾಮಲ್ ಬೇಗ ಕೆಡುತ್ತದೆ, ಮತ್ತೆ ಬಳಿಯುತ್ತಾರೆ. ಹಾಗಾಗಿ ಅಸಲಿ ಬಣ್ಣ ಆರೇಳು ಪದರದ ಕೆಳಗಿದ್ದರೂ ಆಶ್ಚರ್ಯವಿಲ್ಲ.

ಯಾವ ವರ್ಷದ ರೂಪ ಬೇಕೆಂದು ಮೊದಲೇ ತೀರ್ಮಾನಿಸಿ. ಉದಾಹರಣೆಗೆ, ಬೀರೂರು–ಶಿವಮೊಗ್ಗ ರೈಲುದಾರಿ ಶುರುವಾದದ್ದು 1899ರಲ್ಲಿ. ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿದ್ದು 1951ರ ಏಪ್ರಿಲ್ 14ರಂದು. ಈ ಸೇರ್ಪಡೆಗೆ ಮುಂಚೆಯೂ ಆಮೇಲೂ ಓಡಿದ ಇಂಜಿನ್ ಆದರೆ ಎರಡೂ ರೈಲ್ವೆಗಳ ಹೆಸರಿನ ಅಕ್ಷರ ಒಂದರ ಕೆಳಗೊಂದು ಸಿಗಬಹುದು. ಎರಡನ್ನೂ ಬೆರೆಸಿದರೆ ಯಾವ ಕಾಲದಲ್ಲೂ ಇಲ್ಲದ ಇಂಜಿನ್ ತಯಾರಾಗುತ್ತದೆ. ತಯಾರಕರ ಪ್ಲೇಟ್ ಒಂದನ್ನೇ ನೆಚ್ಚಬೇಡಿ. ದೊಡ್ಡ ರಿಪೇರಿಗೆ ಹೋದಾಗ ಬಾಯ್ಲರ್, ಟೆಂಡರ್ (ಇಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿ) ಅದಲುಬದಲಾಗುವುದು ವರ್ಕ್‌ಶಾಪಿನ ಮಾಮೂಲು. ಚಕ್ರ ತಿರುಗಿಸುವ ಕನೆಕ್ಟಿಂಗ್ ರಾಡ್, ಕಪ್ಲಿಂಗ್ ರಾಡ್‌ಗಳ ಮೇಲೆ ಪಂಚ್ ಹೊಡೆದ ನಂಬರುಗಳನ್ನು ಗ್ರೀಸ್ ಒರೆಸಿ ಓದಿ, ತಾಳೆ ನೋಡಿ.

ಇನ್ನು ಪದರ ಬಿಡಿಸುವ ಕೆಲಸ. ಬಿಸಿಲು, ಬೆಂಕಿ, ಬ್ರಷ್ ಮೂರೂ ಹೆಚ್ಚು ತಾಗದ ಜಾಗ ಆರಿಸಿ: ನಂಬರ್ ಪ್ಲೇಟ್ ಹಿಂದೆ, ಟೂಲ್ ಬಾಕ್ಸ್ ಮುಚ್ಚಳದ ಒಳಗೆ, ಹ್ಯಾಂಡ್‌ರೇಲ್ ಬುಡದ ಕೆಳಗೆ, ಟೆಂಡರ್ ಏಣಿಯ ಹಿಂಬದಿ. ಹೊಗೆಪೆಟ್ಟಿಗೆ ಮತ್ತು ಫೈರ್‌ಬಾಕ್ಸ್ ಸುತ್ತ ಹುಡುಕುವುದು ದಂಡ. ಶಾಖಕ್ಕೆ ಅಲ್ಲಿನ ಬಣ್ಣ ಸುಟ್ಟು ಕಂದಾಗಿರುತ್ತದೆ. 240 ನಂಬರಿನ ವಾಟರ್ ಪೇಪರ್ ನೀರಲ್ಲಿ ಅದ್ದಿ, ಒಂದು ರೂಪಾಯಿ ನಾಣ್ಯದಷ್ಟು ಅಗಲ, ನಡುವೆ ಕಬ್ಬಿಣ ಕಾಣುವ ತನಕ ಉಜ್ಜಿ. ಆಮೇಲೆ 400, 800, 1200ರಲ್ಲಿ ಸುತ್ತ ಅಗಲಿಸುತ್ತ ಹೋಗಿ. ಪ್ರತಿ ಪದರವೂ ಎರಡು ಮೂರು ಮಿಲಿಮೀಟರಿನ ಉಂಗುರವಾಗಿ ಕಾಣಬೇಕು. ಮೇಲೆ ಒಂದು ತೊಟ್ಟು ಎಣ್ಣೆ ಹಾಕಿ, 10 ಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ ನೋಡಿ.

ಇಲ್ಲೇ ಬಹಳ ಜನ ಎಡವುವುದು. ಕಬ್ಬಿಣದ ಮೇಲೆ ಮೊದಲು ಸಿಗುವ ಕೆಂಪೋ ಬೂದಿಯೋ ಪ್ರೈಮರ್, ಇಂಜಿನ್ ಬಣ್ಣವಲ್ಲ. ಎರಡು ಪದರದ ನಡುವೆ ಮಸಿಯ ತೆಳು ಗೆರೆ ಇದ್ದರೆ ಕೆಳಗಿನ ಬಣ್ಣ ಹೊತ್ತು ಇಂಜಿನ್ ಓಡಿದೆ ಎಂದರ್ಥ. ಗೆರೆ ಇಲ್ಲದೆ ಅಂಟಿಕೊಂಡಿದ್ದರೆ ಕೆಳಗಿನದು ಬರೀ ಅಂಡರ್‌ಕೋಟ್, ಅಂದರೆ ಮೇಲಿನ ಬಣ್ಣಕ್ಕೆ ಹಾಕಿದ ತಳಪದರ. ಹೀಗೆ ಉಜ್ಜಿದ ಒಂದೇ ಗುಳಿಯಿಂದ ತೀರ್ಪು ಕೊಡಬೇಡಿ; ಕ್ಯಾಬ್, ಟೆಂಡರ್, ಫ್ರೇಮ್ ಒಂದೊಂದರಲ್ಲೂ ಕನಿಷ್ಠ ಮೂರು ಬೇಕು.

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ತಿಳಿಯಿರಿ. ಒಣಗಿದ್ದನ್ನು ಉಜ್ಜಬಾರದು, ಬ್ಲೋಲ್ಯಾಂಪ್ ಹಿಡಿಯಬಾರದು. ಉಜ್ಜಿದಾಗ ಬರುವ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ, ಮಳೆನೀರಿಗೆ ಸೇರಬಾರದು. ಬಾಯ್ಲರ್ ತಗಡಿನ ಕೆಳಗೆ ನಾರಿನಂಥ ಬಿಳಿ ಪದಾರ್ಥ ಕಂಡರೆ ಕಲ್ನಾರು ಇರಬಹುದು. ಮುಟ್ಟದೆ ಕೆಲಸ ನಿಲ್ಲಿಸಿ, ತಿಳಿದವರನ್ನು ಕರೆಸಿ.

ಕತ್ತಲಲ್ಲಿ ಮುಚ್ಚಿದ್ದ ಅಗಸೆಎಣ್ಣೆ ಬಣ್ಣ ಹಳದಿಗೆ ತಿರುಗಿರುತ್ತದೆ. ಹಳೆ ವಾರ್ನಿಷ್ ಕೆಳಗಿನ ನೀಲಿ ಹಸಿರಾಗಿ, ಬಿಳಿ ಕೆನೆಬಣ್ಣವಾಗಿ ಕಾಣುತ್ತದೆ. ಗುಳಿಯನ್ನು ಎರಡು ಮೂರು ವಾರ ಹಗಲ ಬೆಳಕಿಗೆ ತೆರೆದಿಡಿ, ಮಳೆ ತಾಗದಂತೆ. ಆಮೇಲೆ ಬಯಲಿನ ನೆರಳಲ್ಲಿ ನಿಂತು ಐಎಸ್ 5 (ಪೇಂಟ್ ಬಣ್ಣಗಳ ಭಾರತೀಯ ಮಾನಕ) ಬಣ್ಣದ ಕಾರ್ಡಿನ ಜೊತೆ ಹೋಲಿಸಿ, ನಂಬರ್ ಬರೆದುಕೊಳ್ಳಿ. ಪೇಂಟ್ ಅಂಗಡಿಗೆ ಮೊಬೈಲ್ ಫೋಟೋ ಕಳಿಸುವುದರಿಂದ ಏನೂ ಪ್ರಯೋಜನವಿಲ್ಲ.

ಹಳೆಯ ಕಪ್ಪು-ಬಿಳುಪು ಫೋಟೋ ವಿನ್ಯಾಸಕ್ಕೆ ಸಾಕ್ಷಿ, ಬಣ್ಣಕ್ಕಲ್ಲ. ಆಗಿನ ಆರ್ಥೊಕ್ರೊಮ್ಯಾಟಿಕ್ (ಕೆಂಪು ಬೆಳಕನ್ನು ಗ್ರಹಿಸದ) ಫಿಲ್ಮ್ ಕೆಂಪನ್ನು ಕಪ್ಪಗೆ, ನೀಲಿಯನ್ನು ತಿಳಿಯಾಗಿ ತೋರಿಸುತ್ತಿತ್ತು. ಇಂಜಿನ್ ತುದಿಯ ಅಡ್ಡಪಟ್ಟಿಯಾದ ಕೆಂಪು ಬಫರ್ ಬೀಮ್ ಕಪ್ಪಾಗಿ ಬಂದಿರುವುದು ಹಾಗೆ. ಕಾರ್ಖಾನೆಯವರ ಅಧಿಕೃತ ಫೋಟೋದಲ್ಲಿ ಇನ್ನೊಂದು ಮೋಸ: ವಿವರ ಚೆನ್ನಾಗಿ ಬರಲೆಂದು ಎಷ್ಟೋ ಇಂಜಿನ್‌ಗಳಿಗೆ ಬೂದುಬಣ್ಣ ಬಳಿದು ಫೋಟೋ ತೆಗೆಯುತ್ತಿದ್ದರು.

ಅಕ್ಷರ ಹುಡುಕಲು ಸಂಜೆ ಕತ್ತಲಾದ ಮೇಲೆ ಟೆಂಡರ್ ಮೈಗೆ ಒತ್ತಿದಂತೆ ಟಾರ್ಚ್ ಹಿಡಿಯಿರಿ. ಮೇಲಿನ ಬಣ್ಣದಡಿ ಹಳೆಯ ಅಕ್ಷರದ ಅಂಚು ಉಬ್ಬಿ ಕಾಣುತ್ತದೆ. ಟ್ರೇಸಿಂಗ್ ಪೇಪರ್ ಅಂಟಿಸಿ ಅಂಚು ಎಳೆದುಕೊಳ್ಳಿ. ಅಲಂಕಾರದ ಬಣ್ಣದ ಗೆರೆಗಳ ಅಗಲವನ್ನು ಇಂಚಿನಲ್ಲೇ ಅಳೆಯಿರಿ, ಆಗಿನ ಅಳತೆ ಅದೇ.

ಬಳಿಯುವುದು ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ತೇವಾಂಶ 85 ಶೇಕಡಾ ದಾಟಿರಬಾರದು; ಕಬ್ಬಿಣದ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಡಿಸೆಂಬರ್‌ನಲ್ಲಿ ಬಿಸಿಲು ಚೆನ್ನಾಗಿದೆ ಎಂದು ಬೆಳಿಗ್ಗೆ ಎಂಟಕ್ಕೇ ಬ್ರಷ್ ಹಿಡಿದರೆ ಕಣ್ಣಿಗೆ ಕಾಣದ ತೇವದ ಮೇಲೆ ಬಳಿದಂತಾಗಿ, ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ.

ಟೂಲ್ ಬಾಕ್ಸ್ ಮುಚ್ಚಳದೊಳಗಿನ ಗುಳಿಗೆ ಮಾತ್ರ ಹೊಸ ಬಣ್ಣ ಬಳಿಯಬೇಡಿ. ಅದಕ್ಕೆ ಒಂದು ಕೋಟ್ ವಾರ್ನಿಷ್ ಹಾಕಿ, ಪಕ್ಕದಲ್ಲಿ ತಾರೀಖು ಬರೆದು ಹಾಗೇ ಬಿಡಿ.