ವರ್ಷಗಟ್ಟಲೆ ನಿಂತ ಎಂಜಿನ್: ಮೊದಲು ಚಾವಿ ಬಚ್ಚಿಡಿ

ನಮ್ಮ ಮಾವನವರ ಕಾರು ಒಂಬತ್ತು ವರ್ಷ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಕಾರ್ಬುರೇಟರ್ ಕಾಲದ್ದು. ನಾನು ಹೋಗುವಷ್ಟರಲ್ಲಿ ಮಾವ ಹೊಸ ಬ್ಯಾಟರಿ ತಂದಿಟ್ಟುಕೊಂಡು ಕಾಯುತ್ತಿದ್ದರು. “ಒಂದೇ ಒಂದು ಸಲ ಸೆಲ್ಫ್ ಹೊಡೆದು ನೋಡೋಣ, ಏನಾಗುತ್ತೆ?” ಅಂದರು. ಚಾವಿ ಇಸಕೊಂಡು ಜೇಬಿಗೆ ಹಾಕಿಕೊಂಡೆ. ಎಂಟು ದಿನ ಕೊಡಲಿಲ್ಲ.

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ನನ್ನದೇ ಹಳೆಯ ಗಾಡಿಗೆ ಹೀಗೆ ಸೆಲ್ಫ್ ಹೊಡೆದಿದ್ದೆ. ಒಂದು ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಟಕ್ ಎಂದು ಒಂದು ಸದ್ದು, ಒಳಗೆ ವಾಲ್ವ್ ತೆರೆಯಲು ನೂಕುವ ಪುಷ್ ರಾಡ್ ಬಿಲ್ಲಿನಂತೆ ಬಾಗಿತ್ತು. ಎಲ್ಲಿ ಬಿಗಿ ಇದೆ ಎಂದು ಕೈಗೆ ತಿಳಿಯುತ್ತದೆ, ಸೆಲ್ಫ್ ಮೋಟಾರಿಗೆ ತಿಳಿಯುವುದಿಲ್ಲ. ಹಾಗಾಗಿ ಮೊದಲ ಸುತ್ತು ಕೈಯಲ್ಲೇ ತಿರುಗಬೇಕು.

ಬಾನೆಟ್ ಎತ್ತಿದ ಮೇಲೆ ಮೊದಲು ಹುಡುಕಬೇಕಾದ್ದು ಇಲಿಯನ್ನು. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಹರಿದ ಬಟ್ಟೆ, ಒಣ ಎಲೆ, ಸೀಟಿನ ಸ್ಪಂಜು, ಒಟ್ಟಿನಲ್ಲಿ ಒಂದು ಸಂಸಾರವೇ ಸಿಕ್ಕಿತು. ಅದರಲ್ಲೊಂದು ಚೂರು ಕಾರ್ಬುರೇಟರಿನ ಬಾಯಿಗೆ ಬಿದ್ದರೂ ಸಿಲಿಂಡರಿಗೆ ಹೋಗುತ್ತದೆ. ವೈರುಗಳನ್ನೂ ಬೆರಳಾಡಿಸಿ ನೋಡಿ. ಕಡಿದ ವೈರಿಗೆ ಬ್ಯಾಟರಿ ಕೊಟ್ಟರೆ ಎಂಜಿನ್ನಿಗಿಂತ ಮೊದಲು ಹೊಗೆ ಬರುತ್ತದೆ.

ಆಮೇಲೆ ಸ್ಪಾರ್ಕ್ ಪ್ಲಗ್‌ಗಳು. ಬಿಚ್ಚುವ ಮೊದಲು ಅವುಗಳ ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ, ವೈರುಗಳಿಗೆ 1, 2, 3, 4 ಎಂದು ಪಟ್ಟಿ ಅಂಟಿಸಿ. ಪ್ಲಗ್ ಸುಲಭಕ್ಕೆ ಬರದಿದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಮರುದಿನಕ್ಕೆ ಬಿಡಿ. ನಿಂತ ಗಾಡಿಯಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ಪೂರ್ತಿ ಇಳಿದುಹೋಗಿರುತ್ತದೆ. ತೇವ ಹೊಕ್ಕು, ಪಿಸ್ಟನ್ ರಿಂಗು ಗೋಡೆಗೆ ತಾಗಿದಲ್ಲೇ ತುಕ್ಕಿನ ಗೆರೆ ಎದ್ದಿರುತ್ತದೆ. ಒಣಗಿದ ಈ ಗೋಡೆಯ ಮೇಲೆ ರಿಂಗನ್ನು ಎಳೆಯಬಾರದು. ಪ್ಲಗ್ ತೂತಿನಿಂದ ಪ್ರತಿ ಸಿಲಿಂಡರಿಗೂ ಎರಡು ಚಮಚದಷ್ಟು ಎಣ್ಣೆ ಹಾಕಿ. ನಾನು ಹಾಕಿದ್ದು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್ ಮತ್ತು ಅಸಿಟೋನ್, ಸಮಸಮ. ಇವೆರಡು ಬೇಗ ಬೇರೆಯಾಗುತ್ತವೆ, ಕುಲುಕಿ ಹಾಕಬೇಕು. ಅಸಿಟೋನ್ ಹತ್ತಿರ ಬೆಂಕಿ ಬೇಡ. ಬರೀ ಎಂಜಿನ್ ಆಯಿಲ್ ಆದರೂ ನಡೆಯುತ್ತದೆ, ನಿಧಾನ ಅಷ್ಟೇ.

ಮೂರು ದಿನ ಬಿಟ್ಟೆವು. ಮಾವ ದಿನಕ್ಕೆ ಎರಡು ಸಲ ಶೆಡ್ಡಿಗೆ ಹೋಗಿ ಇಣುಕಿ ಬರುತ್ತಿದ್ದರು.

ನಾಲ್ಕನೆಯ ದಿನ ಗೇರ್ ನ್ಯೂಟ್ರಲ್‌ಗೆ ತಂದು, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಕೊಟ್ಟೆ. ಪುಲ್ಲಿಯ ಎದುರು ನಿಂತು ನೋಡಿದರೆ ಬಹುತೇಕ ಎಂಜಿನ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಅಲುಗದಿದ್ದರೆ ಪೈಪ್ ಸಿಕ್ಕಿಸಿ ಜಗ್ಗಬೇಡಿ. ಬೋಲ್ಟ್ ಮುರಿದರೆ ಇರುವ ಕೆಲಸದ ಮೇಲೆ ಇನ್ನೊಂದು ಕೆಲಸ. ಹಿಂದಕ್ಕೆ ಒಂದಿಷ್ಟು, ಮುಂದಕ್ಕೆ ಒಂದಿಷ್ಟು ತೂಗಿ, ಮತ್ತೆ ಎಣ್ಣೆ ಹಾಕಿ, ಮತ್ತೆ ಕಾಯಿರಿ. ನಮ್ಮದು ಮೊದಲು ಒಂದು ಬೆರಳಿನಷ್ಟು ಜರುಗಿತು, ಸಂಜೆಯ ಹೊತ್ತಿಗೆ ಪೂರ್ತಿ ಸುತ್ತು ಬಂತು. ವಾರಗಟ್ಟಲೆ ಎಣ್ಣೆ ಕುಡಿಸಿದರೂ ಜಗ್ಗದ ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಲೇಬೇಕು.

ತಿರುಗಿಸುವಾಗ ವಾಲ್ವ್‌ಗಳ ಮೇಲಿನ ಟ್ಯಾಪೆಟ್ ಕವರ್ ತೆಗೆದಿರಲಿ, ಒಬ್ಬರು ತಿರುಗಿಸಲಿ, ಇನ್ನೊಬ್ಬರು ನೋಡಲಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಎಲ್ಲ ವಾಲ್ವ್‌ಗಳೂ ಒಂದೊಂದು ಸಲ ಇಳಿದು ಏರಬೇಕು. ಇಳಿದದ್ದು ಏರದಿದ್ದರೆ ಅದೇ ಕಚ್ಚಿಕೊಂಡ ವಾಲ್ವ್, ಅಲ್ಲೇ ನಿಲ್ಲಿಸಿ ಅದರ ಕಡ್ಡಿಗೆ ಎಣ್ಣೆ ಬಿಡಿ. ವಾಲ್ವ್‌ಗಳನ್ನು ಕ್ರ್ಯಾಂಕಿನ ಜೊತೆ ಹೊಂದಿಸುವ ಟೈಮಿಂಗ್‌ಗೆ ಚೈನ್ ಬದಲು ರಬ್ಬರ್ ಬೆಲ್ಟ್ ಇದ್ದರೆ ನೋಡಲು ಚೆನ್ನಾಗಿದೆ ಎಂದು ನಂಬಬೇಡಿ, ಬದಲಿಸಿ. ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ.

ಹಳೆ ಆಯಿಲ್ ಇಳಿಸುವಾಗ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ನಟ್ಟನ್ನು ಮೆಲ್ಲಗೆ ಸಡಿಲಿಸಿ. ನೀರು ತಳದಲ್ಲಿರುತ್ತದೆ, ಇದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಒಂದಿಷ್ಟು ಹನಿ ಸಹಜ. ಲೋಟಗಟ್ಟಲೆ ಬಂದರೆ ಹೆಡ್ಡಿನ ಅಡಿ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ರೇಡಿಯೇಟರ್ ತೊಳೆದು ನೀರು ತುಂಬಿ, ಹಿಂಡಿದರೆ ಬಿರಿಯುವ ಹೋಸ್‌ಗಳನ್ನು ಎಸೆಯಿರಿ.

ಇನ್ನು ಪೆಟ್ರೋಲ್. ಹಳೆ ಟ್ಯಾಂಕಿನಲ್ಲಿದ್ದದ್ದು ಪೆಟ್ರೋಲ್ ವಾಸನೆಯನ್ನೇ ಮರೆತು ಪೇಂಟಿನ ಡಬ್ಬಿಯ ಹಾಗೆ ನಾರುತ್ತಿತ್ತು. ಅದನ್ನು ಎಂಜಿನ್ನಿಗೆ ಕೊಡಬೇಡಿ, ಹೊಸದರ ಜೊತೆ ಬೆರೆಸಲೂಬೇಡಿ. ಟ್ಯಾಂಕ್ ತೊಳೆಯುವುದು ಬೇರೆಯೇ ಒಂದು ದಿನದ ಕೆಲಸ. ಮೊದಲ ಸ್ಟಾರ್ಟಿಗೆ ಸಣ್ಣ ಕ್ಯಾನಿನಿಂದ ಹೊಸ ಪೈಪ್ ಎಳೆದು ಪಂಪಿಗೆ ಕೊಟ್ಟರೆ ಸಾಕು. ಕಾರ್ಬುರೇಟರ್ ಮಾತ್ರ ಬಿಚ್ಚಲೇಬೇಕು. ಅದರೊಳಗಿನ ಸಣ್ಣ ತೂತಿನ ಜೆಟ್‌ಗಳಲ್ಲಿ ಪೆಟ್ರೋಲ್ ಒಣಗಿ ಕಂದು ಅಂಟು ಕಟ್ಟಿರುತ್ತದೆ. ಅವನ್ನು ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ಉಕ್ಕಿನ ತಂತಿ ತೂರಿಸಿದರೆ ತೂತು ದೊಡ್ಡದಾಗಿ ಗಾಡಿ ಜೀವಮಾನವಿಡೀ ಪೆಟ್ರೋಲ್ ಕುಡಿಯುತ್ತದೆ. ಕಿಡಿಗಾಗಿ ಕರೆಂಟು ಕಡಿದು ಕೂಡಿಸುವ ಪಾಯಿಂಟ್‌ಗಳ ಮೇಲಿನ ಕಪ್ಪನ್ನು ನುಣುಪಾದ ಎಮರಿ ಕಾಗದದಲ್ಲಿ ಉಜ್ಜಿ, ಫೀಲರ್ ಗೇಜಿನಲ್ಲಿ (ತೆಳು ಅಳತೆಯ ತಗಡು) ಗ್ಯಾಪ್ ನೋಡಿ. ನಮ್ಮದಕ್ಕೆ 0.4 ಮಿ.ಮೀ. ಇಟ್ಟೆ.

ಎಂಟನೆಯ ದಿನ ಬ್ಯಾಟರಿ ಜೋಡಿಸಿದೆವು. ಆಗಲೂ ಪ್ಲಗ್ ಹಾಕಿರಲಿಲ್ಲ. ಪ್ಲಗ್‌ಗಳಿಗೆ ಕಿಡಿಯ ಕರೆಂಟು ಕೊಡುವ ಕಾಯಿಲಿನ ವೈರ್ ಕಳಚಿ, ಪ್ಲಗ್ ತೂತುಗಳ ಮೇಲೆ ಬಟ್ಟೆ ಹೊದಿಸಿ ಹತ್ತು ಸೆಕೆಂಡ್ ಸೆಲ್ಫ್, ಒಂದು ನಿಮಿಷ ವಿರಾಮ, ಹೀಗೆ ಡ್ಯಾಶ್‌ಬೋರ್ಡಿನ ಆಯಿಲ್ ಒತ್ತಡದ ದೀಪ ಆರುವ ತನಕ. ಉಳಿದ ಎಣ್ಣೆ ಕಾರಂಜಿಯಂತೆ ಚಿಮ್ಮುತ್ತದೆ, ಮುಖ ದೂರ ಇಡಿ. ಪ್ಲಗ್ ಹಾಕಿಬಿಟ್ಟಿದ್ದರೆ ಆ ಎಣ್ಣೆಗೆ ಹೋಗಲು ಜಾಗವಿಲ್ಲದೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡೇ ಬಾಗಬಹುದು. ಬೇರಿಂಗ್‌ಗಳಿಗೆಲ್ಲ ಆಯಿಲ್ ಮುಟ್ಟಿದ ಮೇಲೆ ಪ್ಲಗ್ ಬಿಗಿದು, ವೈರ್ ಜೋಡಿಸಿ, ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಿದೆವು. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಬರದೆ ಆಳನ್ನು ಬೀಳಿಸುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟು, ಚಾವಿಯನ್ನು ಮಾವನ ಕೈಗೆ ಕೊಟ್ಟೆ.

ಚೋಕ್ ಎಳೆದು ಹೊಡೆದರು. ಮೂರನೆಯ ಸಲಕ್ಕೆ ಎರಡು ಸಿಲಿಂಡರ್ ಎದ್ದವು, ಕೆಮ್ಮಿದವು, ಆಮೇಲೆ ನಾಲ್ಕೂ. ನೀಲಿ ಹೊಗೆ ಎಷ್ಟೆಂದರೆ ಅತ್ತೆ ಗಾಬರಿಯಾಗಿ ಹೊರಗೆ ಓಡಿ ಬಂದರು. ಅದು ಸಿಲಿಂಡರಿಗೆ ಸುರಿದ ಎಣ್ಣೆಯೇ. ಸುಮಾರು ಕಾಲು ಗಂಟೆಯಲ್ಲಿ ತೆಳುವಾಯಿತು. ಕಣ್ಣಿಡಬೇಕಾದ್ದು ಆಯಿಲ್ ದೀಪದ ಮೇಲೆ: ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ತಕ್ಷಣ ಆಫ್ ಮಾಡಿ. ಟ್ಯಾಪೆಟ್ ಟಿಕಟಿಕ ಸದ್ದು ಬಿಸಿಯಾದಂತೆ ಇಳಿಯುತ್ತದೆ, ತಳದಿಂದ ಬರುವ ದಪ್ಪ ಬಡಿತಕ್ಕೆ ಮಾತ್ರ ಹೆದರಿ. ವಾಟರ್ ಪಂಪಿನ ಸೀಲ್ ನಮ್ಮಲ್ಲೂ ಸೋರಿತು, ಒಣಗಿದ ರಬ್ಬರು, ಬದಲಿಸಿದೆವು. ಈ ಹೊಸ ಆಯಿಲನ್ನೂ ಬೇಗ ಇಳಿಸಿಬಿಡಿ, ಒಂಬತ್ತು ವರ್ಷದ ಕೊಳೆ ಅದರಲ್ಲಿ ತೊಳೆದು ಬಂದಿರುತ್ತದೆ.

“ರಸ್ತೆಗೆ ಒಂದು ಸುತ್ತು?” ಅಂದರು ಮಾವ. ಬ್ರೇಕ್ ಇನ್ನೂ ಬಿಚ್ಚಿ ನೋಡಿರಲಿಲ್ಲ. ಚಾವಿ ಮತ್ತೆ ನನ್ನ ಜೇಬಿಗೆ ಬಂತು.